ಅರ್ಧ ಟಿಕೆಟ್

ಆರು ವರ್ಷದಿಂದ ಈ ಗಾಜಿನ ಹಿಂದೆ ಕೂತು
ಟಿಕೆಟ್ ಹರಿಯುತ್ತಿದ್ದೇನೆ.
ಸೋದರಮಾವ ಝೆಫರೀನು ಒಮ್ಮೆಯೂ ಒಳಗೆ ಬಂದವನಲ್ಲ.
"ಸತ್ತ ಮೇಲೆ ಬರುತ್ತೇನೆ, ಮೊಳೆ ಹೊಡೆದು ನೇತುಹಾಕಿ"
ಎನ್ನುತ್ತಿದ್ದ, ರಸ್ತೆಯಾಚೆಯ ಬಸ್‌ಸ್ಟಾಪಿನಿಂದಲೇ.

ಕಟ್ಟಡವೂ ಅವನಿಗೆ ಸೇರದು.
ಕಪ್ಪು ತಗಡಿನ ಮಾಡು, ಮಡಿಸಿ ಬಿಸಾಡಿದ ಕಾಗದದ ಹಾಗೆ
ಎಲ್ಲೆಲ್ಲೋ ಚೂಪು;
ಬಿಳಿ ಗೋಡೆಗಳು, ಮಾತು ಬಿಟ್ಟ ದಾಯಾದಿಗಳಂತೆ
ಒಂದೊಂದು ದಿಕ್ಕಿಗೆ ವಾಲಿ;
ನಡುವೆ ಮೊಣಕಾಲಾಳದ ಕೊಳ, ಅದರಲ್ಲಿ ಬರೀ ಆಕಾಶ.
"ಗಾರೆಯವನ ಹತ್ತಿರ ತೂಗುಗುಂಡು ಇರಲಿಲ್ಲವೇನೋ, ಪಾಪ."
ಲಿಸ್ಬನ್ನಿನ ವಿದ್ಯಾರ್ಥಿಗಳು ನೆಲದ ಮೇಲೆ ಅಂಗಾತ ಮಲಗಿ
ಅದೇ ಗೋಡೆಯ ಫೋಟೋ ಹಿಡಿಯುತ್ತಾರೆ.

ಮಂಗಳವಾರ ಬಂದ.
ಬಸ್ಸು ತಡ, ಎಂಬತ್ತಮೂರರ ಮೂತ್ರಕೋಶ ತಡೆಯಲಿಲ್ಲ.
ಕೆಲಸ ಮುಗಿಸಿ ಸುಮ್ಮನೆ ಹೊರಡಲು ಸಂಕೋಚವಾಗಿ
ನಾಣ್ಯ ಎಣಿಸಿ ಇಟ್ಟ.
ಹಿರಿಯರಿಗೆ ಅರ್ಧ, ಮಾವಾ, ಎಂದೆ.
"ಯಾವುದರ ಅರ್ಧ? ನಾನು ಪೂರ್ತಿ ಬಂದಿದ್ದೇನಲ್ಲ."

ಕೌಂಟರನ್ನು ವಿತೋರಿನುಗೆ ಒಪ್ಪಿಸಿ ಹಿಂದೆ ಹೋದೆ.
ದೋಣಿಗಳ ಕೋಣೆಯಲ್ಲಿ ನಿಲ್ಲಲಿಲ್ಲ.
ಒಬ್ಬನೇ ಕೂರುವ ಪುಟ್ಟ ದೋಣಿಗಳು,
ಒಂದರೊಳಗೊಂದು ಜೋಡಿಸಿಟ್ಟ ಬಟ್ಟಲುಗಳ ಹಾಗೆ.
ಹತ್ತೊಂಬತ್ತರ ಹುಡುಗನನ್ನು ಗ್ರೀನ್‌ಲ್ಯಾಂಡಿನ ಮಂಜಿಗೆ ಇಳಿಬಿಟ್ಟು
ಸಂಜೆ ಕೊಂಬು ಊದಿ ಕರೆಯುತ್ತಿದ್ದ ಕಾಲ.
ಕರೆದವರೆಲ್ಲ ಬರುತ್ತಿರಲಿಲ್ಲ.
ಎಲ್ಲದಕ್ಕೂ ಫಲಕವಿದೆ. ಅವನು ಓದಲಿಲ್ಲ.
ಒಂದರ ಅಂಚಿಗೆ ಹೆಬ್ಬೆರಳೊತ್ತಿ
"ಬಣ್ಣ ಹೊಸದು" ಅಂದ, ಅಷ್ಟೇ.

ಆಮೇಲೆ ಇಳಿಜಾರು.
ನಮ್ಮ ಮ್ಯೂಸಿಯಂ ಹೆಸರಾದದ್ದೇ ಅದರಿಂದ:
ಮೆಟ್ಟಿಲಿಲ್ಲ, ತೊಟ್ಟಿಯ ಸುತ್ತ ಸುರುಳಿ ಸುತ್ತಿ
ಕೆಳಕೆಳಗೆ ಜಾರುವ ನೆಲ.
ಶಾಲೆಯ ಮಕ್ಕಳು ಕಂಬಿ ಹಿಡಿಯುತ್ತವೆ, ಮೇಷ್ಟರಿಗೆ ತಲೆ ಸುತ್ತು.
ಮಾವ ಕಾಲು ಅಗಲಿಸಿದ, ಮಂಡಿ ಕೊಂಚ ಸಡಿಲಿಸಿದ,
ನಡೆದ.
ಊರಿನ ಸಮನೆಲದಲ್ಲಿ ಮೂವತ್ತು ವರ್ಷ ಕುಂಟಿದ ಕಾಲು
ಇಲ್ಲಿ ಕುಂಟಲಿಲ್ಲ.
ಕೋಲು ಕಂಕುಳಲ್ಲಿ.

ತೊಟ್ಟಿಯಲ್ಲಿ ಕಾಡ್ ಮೀನು, ಜೀವಂತ, ಹದಿನೇಳೋ ಹದಿನೆಂಟೋ.
ನಮ್ಮೂರು ಬಲ್ಲ ಮೀನೇ ಬೇರೆ:
ಬೆನ್ನು ಸೀಳಿ, ಉಪ್ಪು ಕುಡಿದು ಹಲಗೆಯಾಗಿ
ಗಾಳಿಪಟದಂತೆ ಅಂಗಡಿಯಲ್ಲಿ ನೇತುಬಿದ್ದದ್ದು. ತಲೆಯಿಲ್ಲದ್ದು.
ಆ ಉಪ್ಪಿನ ಋಣದಲ್ಲೇ ಇಲ್ಲಿಯ ಮನೆಮನೆಗೆ ಹೆಂಚು,
ಹುಡುಗಿಯರಿಗೆ ಕಿವಿಯೋಲೆ. ನನಗೂ.
ತಲೆ ಕೀಳುವುದು ಮಾವನ ಪಾಳಿ.
ಹಗಲೆಲ್ಲ ಗಾಳ; ಇರುಳು ಹಡಗಿನಟ್ಟದ ದೀಪದಡಿ
ಎಡಗೈ ಕಿವಿರಿಗೆ, ಬಲಗೈಯ ಒಂದು ಒತ್ತು,
ಕಟಕ್ಕೆಂದದ್ದು ಸಮುದ್ರಕ್ಕೆ.
ಮೀನಿನ ಲೆಕ್ಕ ಕಪ್ತಾನನ ಪುಸ್ತಕದಲ್ಲಿತ್ತು,
ತಲೆಯ ಲೆಕ್ಕ ಯಾರೂ ಬರೆಯಲಿಲ್ಲ.

ಬೆಂಚಿನ ಮೇಲೆ ಕೂತ.
ಒಂದು ಮೀನು ಬಂದು ಗಾಜಿಗೆ ಮೂತಿ ತಾಗಿಸಿ ನಿಂತಿತು.
ಗದ್ದದಲ್ಲಿ ಒಂದೇ ಒಂದು ಎಳೆ ಗಡ್ಡ.
ರೆಪ್ಪೆಯಿಲ್ಲದ ಪ್ರಾಣಿ; ದಿಟ್ಟಿಸುವ ಪಂದ್ಯದಲ್ಲಿ
ಸೋಲುವ ಮಾತೇ ಇಲ್ಲ.
ಮಾವನ ಕೈ ತಾನಾಗಿ ಮೇಲೇರಿ
ತನ್ನ ಗದ್ದ ಸವರಿಕೊಂಡಿತು.

"ಏನು ಹಾಕುತ್ತೀರಿ ಇವಕ್ಕೆ?"
ಬೊಂಡಾಸ್ ಚೂರು, ಎಂದೆ.
"ನಾವೂ ಅದನ್ನೇ."
ಸ್ವಲ್ಪ ಹೊತ್ತಿನ ಮೇಲೆ: "ಕೊಕ್ಕೆಗೆ ಸಿಕ್ಕಿಸಿ."

ಎರಡು ಬಸ್ಸು ಹೋದವು.
ದೀಪ ಆರಿಸಲು ಬಂದ ಗ್ರಾಸಿಂದಾ
ನನ್ನ ಮುಖ ನೋಡಿ ಹಿಂದಿರುಗಿದಳು.
"ತಲೆ ಎಷ್ಟೋ ನೋಡಿದ್ದೇನೆ" ಎಂದ ಮಾವ,
ನನಗಲ್ಲ, ಗಾಜಿಗೆ.
"ಮುಖ ನೋಡಿರಲಿಲ್ಲ."

ಏರುವಾಗ ಕೋಲು ನೆಲಕ್ಕೆ ಬಂತು.
ಬಾಗಿಲಲ್ಲಿ ಜೇಬು ತಡಕಿ ಹರಿದ ಚೀಟಿ ತೆಗೆದು
"ಇನ್ನರ್ಧ ನಿನ್ನ ಹತ್ತಿರ ಇದೆಯಲ್ಲ? ಇಟ್ಟಿರು" ಎಂದ.

ಆ ರಾತ್ರಿ ನಮ್ಮಲ್ಲೇ ಊಟ.
ಅದೇ ಮೀನು, ಬೇಯಿಸಿದ ಆಲೂಗಡ್ಡೆ, ಎಣ್ಣೆ.
ತಿಂದ. ಎರಡನೆಯ ಸಲ ಹಾಕಿಸಿಕೊಂಡ.
ಉಪ್ಪು ಸಾಲದು ಎಂದು ಅಮ್ಮನನ್ನು ಬೈದ.