ತುರಿಕೆಯ ಲೆಕ್ಕ

ಮೊದಲು ಕೆರೆದುಕೊಂಡವಳು ಸಣ್ಣವಳು, ಮೌನಿಕಾ,
ಮಂಗಳವಾರ ರಾತ್ರಿ, ಕುತ್ತಿಗೆಯ ಹಿಂದೆ.
ಸೊಳ್ಳೆ ಎಂದೆ.
ಬುಧವಾರ ಅತ್ತೆಯ ನಡುವಿನ ಸುತ್ತ
ಸೀರೆ ಗಂಟಿನ ಗುಂಟ ಕೆಂಪು ಗುಳ್ಳೆ.
ಗುರುವಾರ ನನಗೆ, ಮೊಣಕೈಯ ಮಡಿಕೆಯಲ್ಲಿ.
ಶುಕ್ರವಾರದ ಹೊತ್ತಿಗೆ ನಮ್ಮಲ್ಲಿ ಯಾರೂ
ಎರಡೂ ಕೈಯಿಂದ ಒಂದು ಕೆಲಸ ಮಾಡುತ್ತಿರಲಿಲ್ಲ.

ಕೌಲ್‌ಬಜಾರಿನಲ್ಲಿ ಗೋಡೆಗಳು ತೆಳು,
ಕೆರೆಯುವ ಸದ್ದಿಗೂ ಸಲಹೆ ಬಂದವು.
"ಬದನಿಕಾಯಿ ಬಿಡ್ರಿ" ಎಂದಳು ಎದುರುಮನೆ ದಿಲ್‌ಶಾದ್‌ಬಿ.
ಬಿಟ್ಟೆವು. ಪುಂಡಿಪಲ್ಯವನ್ನೂ ಬಿಟ್ಟೆವು.
ಶೇಂಗಾ ಚಟ್ನಿಗೆ ಬಂದಾಗ ಅತ್ತೆ ಎದ್ದು ನಿಂತಳು:
"ಕೆರಕೊಂತಾನ ಸಾಯ್ತೀನಿ, ಅದನ್ನ ಬಿಡಂಗಿಲ್ಲ."
ಹತ್ತು ರೂಪಾಯಿಯ ಹೊಸ ಸೋಪು
ಬಚ್ಚಲಿಂದ ಬಟ್ಟೆಕಲ್ಲಿಗೆ ಇಳಿಯಿತು.
ವಾರಕ್ಕೊಮ್ಮೆ ಬರುವ ನಳದ ನೀರನ್ನು
ಗಾಜಿನ ಲೋಟದಲ್ಲಿ ಬಿಸಿಲಿಗೆ ಹಿಡಿದೆ;
ನೀರು ಏನನ್ನೂ ಒಪ್ಪಿಕೊಳ್ಳಲಿಲ್ಲ.
ಹೊರಸಿಗೆ ಕುದಿನೀರು ಸುರಿದೆವು.
ತಿಗಣೆ ಒಂದೂ ಇಲ್ಲ,
ಹೋದ ವರ್ಷ ಕಳೆದ ನನ್ನ ಕಾಲುಂಗುರ
ಹಗ್ಗದ ಸಂದಿಯಿಂದ ಟಣ್ ಎಂದು ಬಿತ್ತು.

ಜೇಬು ಹೊಲಿದ ಲೆಕ್ಕದ ನೋಟ್‌ಬುಕ್ಕು ನನ್ನದು:
ದಿನಕ್ಕೆ ನೂರಾ ಎಂಬತ್ತು, ಒಂದಕ್ಕೆ ಒಂದೂವರೆ ರೂಪಾಯಿ.
ಅದರ ಕೊನೆಯ ಹಾಳೆಗೆ ಗೆರೆ ಎಳೆದೆ.
ಯಾರಿಗೆ, ಎಲ್ಲಿ, ಎಷ್ಟು ಹೊತ್ತಿಗೆ.
ಇನ್ನೊಂದು ಸಾಲು ಉಳಿಯಿತು: ಯಾರಿಂದ.
ಬಾಯಲ್ಲಿ ಎಂದೂ ಹೇಳದ ಹೆಸರನ್ನು
ಅಲ್ಲಿ ಅಕ್ಷರ ಕೂಡಿಸಿ ಬರೆದೆ:
ಎರ್ರಿಸ್ವಾಮಿ.

ಬೇರೆ ಯಾರಿದ್ದಾರೆ?
ಜೀನ್ಸ್ ತೊಳೆಯುವ ಯೂನಿಟ್ಟಿನಲ್ಲಿ ಹನ್ನೊಂದು ವರ್ಷ.
ಉಗುರಿನ ಬುಡ ನೀಲಿ, ಅಂಗೈಯ ಗೆರೆ ನೀಲಿ,
ಮೌನಿಕಾ ಹುಟ್ಟಿದ ದಿನ ಅವಳನ್ನು ಸುತ್ತಿದ
ಬಿಳಿ ಬಟ್ಟೆಯ ಮೇಲೂ ನಾಲ್ಕು ಬೆರಳು ನೀಲಿ.
ಬ್ಲೀಚಿಂಗ್ ವಾಸನೆ ಅವರಿಗಿಂತ ಮೊದಲು ಓಣಿ ತಿರುಗುತ್ತದೆ.
"ಆ ವಿಷಾನ ಮನಿಗೆ ತರ್ತಿ" ಎಂದಳು ಅತ್ತೆ, ಹೆತ್ತ ಮಗನಿಗೆ.
ನಾನು ಏನೂ ಅನ್ನಲಿಲ್ಲ.
ಅವರ ಬಟ್ಟೆಯನ್ನು ಬೇರೆ ಬಕೆಟ್ಟಿಗೆ ಹಾಕಿದೆ, ಅಷ್ಟೇ.
ಚಾಪೆ ಜಗಲಿಗೆ ಹೋಯಿತು.
ಅವರೂ ಹೋದರು, ಚಾಪೆಯ ಹಿಂದೆ.

ಎಂಟು ರಾತ್ರಿ.
ಒಳಗೆ ನಾವು ಕೆರೆದುಕೊಳ್ಳುತ್ತಲೇ ಇದ್ದೆವು.

ತಪ್ಪು ಸಿಕ್ಕಿದ್ದು ನೋಟ್‌ಬುಕ್ಕಿನಲ್ಲೇ.
ಅವರ ಹೆಸರಿನ ಎದುರು ಒಂದೂ ಗುಳ್ಳೆ ಇಲ್ಲ.
ದಿನವಿಡೀ ಆ ನೀಲಿಯಲ್ಲಿ ನೆಂದವರ ಮೈ ಹಾಗೇ ಇದೆ,
ಅವರನ್ನು ದೂರ ಇಟ್ಟ ನಮ್ಮ ಮೈ ಉರಿಯುತ್ತಿದೆ.
ಒಳಗಿದ್ದಾಗಲೂ ಅವರು ಹೊಸ್ತಿಲ ಬಳಿ ಮಲಗುವವರು.
ಯಾರಿಗೆ ಹೆಚ್ಚು? ಮೌನಿಕಾಗೆ.
ಅವಳ ಹಾಸಿಗೆ?
ಗವಾಕ್ಷಿಯ ಕೆಳಗೆ, ಕೂಲರಿಗೆ ಎದುರು.

ಸ್ಟೂಲು ಹಾಕಿ ಹತ್ತಿದೆ.
ಕೂಲರಿನ ಬೆನ್ನಿಗೆ ಪಾರಿವಾಳದ ಗೂಡು:
ಬೇವಿನ ಕಡ್ಡಿ, ಪೊರಕೆ ಕಡ್ಡಿ,
ನಾನೇ ಕತ್ತರಿಸಿ ಎಸೆದ ಜೀನ್ಸ್ ದಾರ.
ಎರಡು ಮರಿ ಇದ್ದವು, ಮೌನಿಕಾ ದಿನಾ ಸಜ್ಜೆ ಹಾಕುತ್ತಿದ್ದಳು.
"ಯಾವತ್ತು ಹಾರಿ ಹೋದ್ವು?"
"ಸೋಮವಾರ."
"ಯಾವ ಸೋಮವಾರ?"
"ನಂಗ ತುರಿಕಿ ಚಾಲೂ ಆತಲ್ಲ, ಅದರ ಹಿಂದಿನ ದಿನ."
ಬಿಳಿ ಅರಿವೆಯ ತುಂಡು ಒತ್ತಿ ತೆಗೆದೆ.
ಧೂಳು ಎಂದುಕೊಂಡದ್ದು ನಡೆಯತೊಡಗಿತು.

"ಅಯ್ಯ, ಕೋಳಿಹೇನಿನ ಜಾತಿ!" ಎಂದಳು ದಿಲ್‌ಶಾದ್‌ಬಿ,
ಬದನೆಕಾಯಿಯ ಮಾತು ತಾನು ಆಡಿಯೇ ಇಲ್ಲ ಎಂಬಂತೆ.
ರೆಕ್ಕೆಯ ಬಿಸಿ ತಪ್ಪಿದ ಅಷ್ಟಷ್ಟೇ ಜೀವ,
ಬೆಚ್ಚಗಿದ್ದರೆ ಯಾರಾದರೂ ಸರಿ ಎಂದು
ಗೋಡೆ ಹಿಡಿದು ನಮ್ಮ ತನಕ ಇಳಿದಿದ್ದವು.
ಮೌನಿಕಾ ಅತ್ತಳು, ಗೂಡು ಸುಡುವಾಗ.
ನಾನು ಅಳಲಿಲ್ಲ, ಕೆರೆದುಕೊಂಡೆ.

ಕುದಿನೀರು, ಫಿನಾಯಿಲ್, ಮೂರು ದಿನ ಬಿಸಿಲಿಗೆ ಕೌದಿ.
ಆ ಹೆಸರನ್ನು ಹೊಡೆದುಹಾಕಿದೆ,
ಪೆನ್ನು ಒತ್ತಿ ರಟ್ಟಿನ ತನಕ ತೂತಾಯಿತು.

ಭಾನುವಾರ ಅತ್ತೆ ಜಗಲಿಗೆ ಹೋಗಿ
ಮಗನ ಮುಖ ನೋಡದೆ ಅಂದಳು,
"ಒಳಗ ಕೂಲರ್ ಹಚ್ಚೀವಿ."
"ಇಲ್ಲೇ ಗಾಳಿ ಚಲೋ ಐತಿ" ಎಂದರು ಅವರು.
ಬಳ್ಳಾರಿ. ಮೇ ತಿಂಗಳು.
ಎದುರಿನ ಬೇವಿನಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ.