ಎರಡು ಹಿಡಿ ಹಿಟ್ಟು

ಕರಾಚಿ ದಾಟಿದ ಮೇಲೆ ಎಡಕ್ಕೆ ಕಡಲು, ಬಲಕ್ಕೆ
ಯಾರೋ ಅರ್ಧ ಕಡೆದು ಬಿಟ್ಟುಹೋದಂಥ ಬೆಟ್ಟ.
ಬಸ್ಸಿನ ಬಲೋಚ ಚಾಲಕ ಮುರಾದ್‌ಬಕ್ಷ್
ಹಿಂಗ್ಲಾಜ್ ಎನ್ನುವುದಿಲ್ಲ, "ನಾನಿಯ ಮನೆಗಲ್ಲವೇ" ಎನ್ನುತ್ತಾನೆ,
ತನ್ನಜ್ಜಿಯೂ ಅಲ್ಲೇ ಇರುವ ಹಾಗೆ.

ಮೊದಲು ಚಂದ್ರಗುಪ್. ಬೂದಿಬಣ್ಣದ ಗುಡ್ಡ,
ನೆತ್ತಿಯಲ್ಲಿ ತಣ್ಣಗೆ ಕುದಿಯುವ ಕೆಸರು.
(ತಣ್ಣಗೆ ಕುದಿಯುವುದು ಹೇಗೆ ಅನ್ನುತ್ತೀರಿ;
ನಮ್ಮ ದೊಡ್ಡತ್ತೆಯನ್ನು ನೋಡಿದ್ದರೆ ಕೇಳುತ್ತಿರಲಿಲ್ಲ.)
ಇಲ್ಲಿ ತಪ್ಪೊಪ್ಪದೆ ಅವ್ವನ ಗುಹೆಗೆ ದಾರಿಯಿಲ್ಲ.

ಹಿಂದಿನ ರಾತ್ರಿ ನಾಲ್ವರು ಚಾದರದ ತುದಿ ಹಿಡಿದು
ನೆಲಕ್ಕೆ ತಾಗದಂತೆ ಹಿಟ್ಟು ಕಲೆಸಿದರು, ಮನೆಗೊಂದು ಹಿಡಿ.
ದೊಡ್ಡತ್ತೆ ಎರಡು ಹಾಕಿದಳು.
"ಮನೆಗೊಂದೇ" ಎಂದ ಛಡಿದಾರ.
ಕೇಳಿಸದವಳ ಹಾಗೆ ಕೈ ಕೊಡವಿದಳು.
ಕೆಂಡದಲ್ಲಿ ಬೆಂದ ರೊಟ್ಟಿ ಬಂಡಿಗಾಲಿಯಷ್ಟು.

ಬೆಳಗ್ಗೆ ಗುಡ್ಡದ ಮೇಲೆ ಹೆಸರು, ಊರು, ತಪ್ಪು, ಗಟ್ಟಿಯಾಗಿ.
ಅರ್ಧ ಗಾಳಿಗೆ ಹಾರಿಹೋಗುತ್ತದೆ, ಪುಣ್ಯ.
ಖೇತೋ ಅಣ್ಣನ ಒಂಟೆ ಮಾರಿ, ಕಳೆದುಹೋಯಿತೆಂದಿದ್ದನಂತೆ.
ನಾನು ಪರೀಕ್ಷೆಯಲ್ಲಿ ನಕಲು ಹೊಡೆದದ್ದು ಹೇಳಿದೆ,
ಹೇಳಬೇಕಾದದ್ದು ಬೇರೆ ಇತ್ತು.
ಕೆಸರು ಗುಳುಕ್ಕೆಂದು ಅಷ್ಟಕ್ಕೇ ಒಪ್ಪಿತು.

ಆಮೇಲೆ ಅವಳು.
"ಢೇಲು ಮೇಘವಾರ್. ಉಮರ್‌ಕೋಟ್ ಹತ್ತಿರದ ಹಟ್ಟಿ.
ನೆರೆಯ ವರ್ಷ ಹಿಟ್ಟಿನ ಚೀಲ ಹಂಚಿದರು, ತಲೆಗೊಂದು.
ಮಗಳು ಸತ್ತು ಹನ್ನೊಂದು ದಿನ.
ಪಟ್ಟಿಯಲ್ಲಿ ಹೆಸರಿತ್ತು, ಕೂಗಿದರು.
ಇದ್ದಾಳೆ ಎಂದೆ.
ಹೆಬ್ಬೆಟ್ಟು ಒತ್ತಿದೆ. ತಿಂದೆ."

ಕೆಸರು ಸುಮ್ಮನಿತ್ತು.
ಛಡಿದಾರ ಕೋಲು ಊರಿ ಕಾದ. ಖೇತೋ ಕೆಮ್ಮಿದ.
"ಇನ್ನೇನಾದರೂ ಉಳಿದಿದೆಯೇ ತಾಯಿ?"

"ಅವಳ ಹೆಸರು. ಅಂದು ಅವರು ಕೂಗಿದ್ದೇ ಕೊನೆ."
ಬಾಯಿಗಡ್ಡದ ಸೆರಗು ಸರಿಸಿ, ಗಾಳಿಗೆ ಬೆನ್ನು ಕೊಟ್ಟು
ಕೂಗಿದಳು, ಹೊತ್ತು ಮುಳುಗುವಾಗ ಆಡಲು ಹೋದವರನ್ನು
ಮನೆಗೆ ಕರೆಯುವ ದನಿಯಲ್ಲಿ:
ಮಿರ್ಗಾ!

ಗುಳ್ಳೆ ಎದ್ದಿತೋ ಇಲ್ಲವೋ, ನಾನು ನೋಡಲಿಲ್ಲ.
ಕೆಳಗೆ ಬಸ್ಸಿಗೊರಗಿ ಸಿಗರೇಟು ಹಚ್ಚುತ್ತಿದ್ದ ಮುರಾದ್‌ಬಕ್ಷ್
ತನ್ನನ್ನೇ ಕರೆದರೇನೋ ಎಂದು ತಲೆಯೆತ್ತಿದ.

ಗುಹೆಯಲ್ಲಿ ಅವ್ವನಿಗೆ ಮುಖವಿಲ್ಲ,
ಸಿಂಧೂರ ಬಳಿದ ಕಲ್ಲು, ಅಷ್ಟೆ.
ದೊಡ್ಡತ್ತೆ ಏನೂ ಬೇಡಲಿಲ್ಲ.
ಪ್ರಸಾದ ಹಂಚುವಾಗ ಮಾತ್ರ
ರೊಟ್ಟಿಯ ಎರಡು ಪಾಲು ಕೇಳಿ ಪಡೆದಳು.
ಒಂದನ್ನು ಅಲ್ಲೇ ತಿಂದಳು,
ಇನ್ನೊಂದನ್ನು ಸೆರಗಿಗೆ ಕಟ್ಟಿಕೊಂಡಳು.

ಉಥಲ್ ದಾಟಿದ ಮೇಲೆ, ಬಸ್ಸೆಲ್ಲ ನಿದ್ದೆಹೋದಾಗ,
ಗಂಟು ಬಿಚ್ಚಿ
ಅದನ್ನೂ ತಿಂದಳು.