ಒಳಮನೆಯವರು

ರಾತ್ರಿ ಎರಡೂಕಾಲು. ಮೈಸೂರಿನ ದೊಡ್ಡಾಸ್ಪತ್ರೆಯ ಲ್ಯಾಬು.
ಸೆಂಟ್ರಿಫ್ಯೂಜಿನ ಗಿರಗಿರ ನಿಂತ ಮೇಲೆ
ಮುಚ್ಚಳ ತೆಗೆದು ನೋಡುತ್ತೇನೆ:
ತಳದಲ್ಲಿ ಕೆಂಪು ಕೂತಿದೆ,
ಮೇಲಿನ ಸೀರಮ್ಮು ಒಣಹುಲ್ಲಿನ ಬಣ್ಣವಿರಬೇಕಾದ್ದು
ಅರಿಸಿನ ಕದಡಿದ ನೀರು.

ಚೀಟಿಯಲ್ಲಿ ಚೆಲುವರಾಜು, ಗಂಡು, ಇಪ್ಪತ್ತೇಳು.
ಮಂಡಿ ಮೊಹಲ್ಲಾದ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ
ರೇಷ್ಮೆ ಸೀರೆಯ ಕಲೆ ತೆಗೆಯುವವನು.
ಬೀಗರೂಟದ ಸಾರು, ತುಪ್ಪ, ಎಲೆಅಡಿಕೆಯ ಕೆಂಪು,
ಹತ್ತಿಯಲ್ಲಿ ಅದ್ದಿ ಅವನೊಮ್ಮೆ ಒತ್ತಿದರೆ
ಸೆರಗಿಗೆ ಏನೂ ನೆನಪಿರುವುದಿಲ್ಲ.
ಲಗ್ನದ ತಿಂಗಳು. ಕಿಟಕಿಯಿಲ್ಲದ ಕೋಣೆ.
ಹೆಸರು ಮಾಸಿದ ಹಳೇ ಡಬ್ಬಿ.
"ಸೀ ವಾಸನೆ ಕಣಕ್ಕ, ವಸಿ ತಲೆ ಸುತ್ತೋದು ಅಷ್ಟೆಯ"
ಅಂದಿದ್ದನಂತೆ ಅಕ್ಕ ಇಂದ್ರಾಣಿಗೆ.

ಮೂಗಿನಿಂದ ಹೊಕ್ಕಿದ್ದು ಹೋಗಿ ಇಳಿದದ್ದು ಈಲಿಯಲ್ಲಿ.
ಮಾಂಸದಂಗಡಿಯವರು ಈಲಿ ಅನ್ನಲಿ, ಪುಸ್ತಕದವರು ಯಕೃತ್ತು ಅನ್ನಲಿ,
ಅದೊಂದು ಅಡುಗೆಮನೆ.
ಲೆಕ್ಕವಿಲ್ಲದ ಒಲೆ, ಒಲೆಗೊಬ್ಬ ಬಾಣಸಿಗ.
ಕಿಣ್ವಗಳೆಂದರೆ ಇವರೇ, ಹೊಸಿಲು ದಾಟದ ಒಳಮನೆಯವರು.
ಬೀದಿಯಲ್ಲಿ ಇವರಿಗೆ ಕೆಲಸವಿಲ್ಲ.
ಬೀದಿಯಲ್ಲಿ ಕಂಡರೆಂದರೆ
ಮನೆಗೆ ಏನೋ ಆಗಿದೆ.

ಬಂದ ವಿಷವನ್ನು ಮೊದಲು ಮುಟ್ಟಿದವನು
ಎಂಥೆಂಥದನ್ನೋ ಪಳಗಿಸಿದ ಕೈಯವನು.
ಬೇಯಿಸಿ ಮೆತ್ತಗೆ ಮಾಡಿ ಸಾಗಹಾಕೋಣವೆಂದು
ಒಲೆಗೇರಿಸಿದ.
ಮೆತ್ತಗಾಗಲಿಲ್ಲ ಅದು, ಕೊಳ್ಳಿಯಾಯಿತು.
ಮೊದಲು ಸುಟ್ಟಿದ್ದು ಆ ಕೈಯನ್ನೇ.
ಆಮೇಲೆ ಗೋಡೆ.

ಈಗ ನನ್ನ ಯಂತ್ರ ಎಣಿಸುವುದು
ಬೀದಿಗೆ ಬಿದ್ದವರನ್ನು.
ನಲವತ್ತಿರಬೇಕಾದಲ್ಲಿ ಏಳು ಸಾವಿರದ ಇನ್ನೂರು.
ಯಂತ್ರ ಕೆಟ್ಟಿತೇನೋ ಎಂದು ಹತ್ತು ಪಾಲು ತೆಳು ಮಾಡಿ
ಮತ್ತೆ ಹಾಕಿದೆ.
ಕೆಟ್ಟಿದ್ದು ಯಂತ್ರವಲ್ಲ.

ಮೂರನೆಯ ರಾತ್ರಿ ಅದು ಎರಡು ಸಾವಿರಕ್ಕಿಳಿಯಿತು.
ಇಂಗ್ಲಿಷು ಓದಲು ಬಾರದ ಇಂದ್ರಾಣಿ
ಅಂಕಿ ಎಲ್ಲಿ ಕೂರುತ್ತದೆಂದು ಕಲಿತುಬಿಟ್ಟಿದ್ದಾಳೆ.
ರಿಪೋರ್ಟಿನ ಕಿಟಕಿಗೆ ಮೂಗೊತ್ತಿ,
"ಇಳೀತಲ್ವಾ ಮೇಡಮ್ಮೋರೇ?
ನಂಜನಗೂಡಿಗೆ ಮುಡಿ ಕೊಡಿಸ್ತೀನಿ ಅಂತ ಹೊತ್ಕೊಂಡಿದ್ದೆ."
ಹೌದು ತಾಯಿ, ಇಳೀತು ಅಂದೆ.

ನಂಜುಂಡನೇನೋ ಗಂಟಲಲ್ಲೇ ತಡೆದ.
ಅವನ ಈಲಿಯ ತನಕ ಹೋಗಲಿಲ್ಲ.

ನಾನು ಹೇಳದೆ ಉಳಿಸಿಕೊಂಡದ್ದು ಇಷ್ಟು:
ಬೀದಿ ಖಾಲಿಯಾಗುವುದು ಎರಡು ಬಗೆ.
ಗೋಡೆ ಎದ್ದಿರಬಹುದು.
ಇಲ್ಲಾ, ಹೊರಗೆ ಬೀಳಲು
ಒಳಗೆ ಯಾರೂ ಉಳಿದಿಲ್ಲದಿರಬಹುದು.
ಇಳಿದ ಅಂಕಿಗೆ ಇದು ಗೊತ್ತಿಲ್ಲ.

ಹಾಗಾಗಿ ನೀಲಿ ಮುಚ್ಚಳದ ಇನ್ನೊಂದು ಕೊಳವೆ.
ಉಗುರುಬೆಚ್ಚನೆ ನೀರಿನಲ್ಲಿ ಅದ್ದಿ, ಓರೆ ಮಾಡಿ, ಎತ್ತಿ, ಓರೆ ಮಾಡಿ
ರಕ್ತದ ತಿಳಿ ಹೆಪ್ಪಾಗುವುದನ್ನು ಕಾಯುತ್ತೇನೆ.
ಹೆಪ್ಪಿನ ಸಾಮಾನೂ ಆ ಅಡುಗೆಮನೆಯದೇ.
ಮೊನ್ನೆ ನಲವತ್ತೊಂದು ಸೆಕೆಂಡು. ನಿನ್ನೆ ನಲವತ್ತಾರು.
ಹದಿಮೂರು, ಆರೋಗ್ಯವಂತರು ಇಲ್ಲಿಗೆ ನಿಲ್ಲುತ್ತಾರೆ.
ಇಪ್ಪತ್ತು. ನೀರಿನಂತೆ ಹರಿಯುತ್ತಿದೆ.
ಮೂವತ್ತು.
ಮೂವತ್ತೊಂದರಲ್ಲಿ ಗಾಜಿಗಂಟಿ
ಒಂದು ಎಳೆ,
ರೇಷ್ಮೆಯದಷ್ಟೇ ದಪ್ಪ.

ಯಾರೋ ಒಬ್ಬ ಒಳಗೆ
ಇನ್ನೂ ಒಲೆ ಊದುತ್ತಿದ್ದಾನೆ.

ಇದನ್ನು ಬರೆಯಲು ಕಾಲಮ್ಮಿಲ್ಲ. ಅಂಕಿ ಬರೆದೆ.
ಇಂದ್ರಾಣಿ ಬೆಂಚಿನ ಮೇಲೆ ನಿದ್ದೆಹೋಗಿದ್ದಳು,
ಎಬ್ಬಿಸಲಿಲ್ಲ.
ಕೋಟಿನ ತೋಳಿನ ಮೇಲೆ ಸಾಬೂನಿಗೂ ಹೋಗದೆ ಉಳಿದ
ಮೊನ್ನೆಯ ಹಳದಿ ಗುರುತು.
ಇರಲಿ ಬಿಡು, ಕಲೆ.